ಗುಡ್ಡದ ಹಾದಿಯಲ್ಲಿ ಎಳೆಯ ಸೈಕಲ್ ಸವಾರರು

ಕಲ್ಪತರು ನಾಡೆಂದು ಹೆಸರಾದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗೆ ಸೈಕಲ್ ಹೊಸತಲ್ಲ. ಕಾಯಿ ತುಂಬಿದ ಚೀಲವನ್ನು ಕ್ಯಾರಿಯರಿಗೆ ಬಿಗಿದು, ತೋಟದ ಬದುವಿನ ಮೇಲೆ ಅಂಜಿಕೆಯಿಲ್ಲದೆ ಸಾಗುವ ಹಿರಿಯರನ್ನು ನಾವೆಲ್ಲರೂ ಕಂಡಿದ್ದೇವೆ. ಸರ್ಕಾರವು 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದ ಮೇಲಂತೂ ಹಳ್ಳಿಯ ಹೆಣ್ಣುಮಕ್ಕಳು ಗುಂಪುಗುಂಪಾಗಿ ಶಾಲೆಯ ಹಾದಿ ತುಳಿದರು. ಕೋವಿಡ್ ಕಾಲದಲ್ಲಿ ಆ ಯೋಜನೆ ನಿಂತಿತಾದರೂ ಆಗ ಬಂದ ಸೈಕಲ್ಲುಗಳು ಎಷ್ಟೋ ಮನೆಗಳ ಜಗಲಿಯಲ್ಲಿ ಇನ್ನೂ ಇವೆ.

ಆದರೆ ನಮ್ಮ ಯುವಜನರ ಆಸೆ ಈಗ ರಸ್ತೆಯನ್ನು ಬಿಟ್ಟು ಗುಡ್ಡವನ್ನು ಹತ್ತಿದೆ. ಗೇರು, ದಪ್ಪ ಟೈರು, ಡಿಸ್ಕ್ ಬ್ರೇಕುಗಳಿರುವ ಮೌಂಟನ್ ಬೈಕ್ ಅವರಿಗೆ ಬೇಕು. ಈ ಕ್ರೀಡೆ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. 1976ರಲ್ಲಿ ಅಲ್ಲಿನ ಕೆಲವು ತರುಣರು ಹಳೆಯ ಭಾರವಾದ ಸೈಕಲ್ಲುಗಳೊಡನೆ ಬೆಟ್ಟವೇರಿ, ಮಣ್ಣಿನ ಹಾದಿಯಲ್ಲಿ ಕೆಳಕ್ಕೆ ಪಂದ್ಯ ಕಟ್ಟಿದರು. ಒಂದೇ ಇಳಿತಕ್ಕೆ ಹಬ್ಬಿನ ಬ್ರೇಕು ಕಾದು ಗ್ರೀಸು ಹೊಗೆಯಾಗಿ ಹೋಗುತ್ತಿತ್ತಂತೆ. ಪ್ರತಿ ಬಾರಿಯೂ ಹೊಸ ಗ್ರೀಸು ತುಂಬಬೇಕಾಗಿತ್ತು. ಇಪ್ಪತ್ತು ವರ್ಷಗಳಲ್ಲಿ, 1996ರ ಅಟ್ಲಾಂಟಾ ಕೂಟದಲ್ಲಿ, ಅದೇ ಆಟ ಒಲಿಂಪಿಕ್ಸ್ ಸೇರಿತು. ನಮ್ಮ ರಾಜ್ಯದಲ್ಲಿ ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳು ಸೈಕಲ್ ಪಟುಗಳ ತವರು. ರಾಷ್ಟ್ರಮಟ್ಟದ ಮೌಂಟನ್ ಬೈಕ್ ಸ್ಪರ್ಧೆಗೆ ಗದಗವೂ ನೆಲೆಯಾಗಿದೆ. ತೆಂಗಿನ ನಾಡಿನ ಮಕ್ಕಳಿಗೆ ಅಂಥ ವಸತಿನಿಲಯವೋ ತರಬೇತುದಾರರೋ ಊರಿನಲ್ಲಿಲ್ಲ. ಇರುವುದು ಗುಡ್ಡ ಮತ್ತು ಉತ್ಸಾಹ.

ಆ ಉತ್ಸಾಹವನ್ನು ನಂಬಿ, ಭಾನುವಾರದ ಪೂಜೆ ಮುಗಿದ ಮೇಲೆ ಏಳೆಂಟು ಮಕ್ಕಳನ್ನು ಕರೆದೊಯ್ಯುವ ಕೆಲಸವನ್ನು ನಾನು ಕೆಲವು ವರ್ಷಗಳ ಹಿಂದೆ ವಹಿಸಿಕೊಂಡೆ. ಮೊದಲ ತಿಂಗಳಲ್ಲೇ ಒಬ್ಬ ಹುಡುಗ ಬಿದ್ದು ಕಾಲರ್ ಬೋನ್ ಮುರಿದುಕೊಂಡ. ತಪ್ಪು ಅವನದಲ್ಲ, ನನ್ನದು. ಅವನ ಸ್ವಂತ ಸೈಕಲ್ಲಿನಲ್ಲಿ ಮುಂದಿನ ಚಕ್ರದ ಬ್ರೇಕು ಬಲಗೈಗಿತ್ತು. ಅಂದು ಎರವಲು ತಂದ ಸೈಕಲ್ಲಿನಲ್ಲಿ ಅದು ಎಡಗೈಗಿತ್ತು. ಇಳಿಜಾರಿನಲ್ಲಿ ಹಿಂದಿನ ಬ್ರೇಕೆಂದು ತಿಳಿದು ಎಡಗೈಯನ್ನು ಬಿಗಿಯಾಗಿ ಒತ್ತಿದ. ಹ್ಯಾಂಡಲ್ಲಿನ ಮೇಲಿಂದ ಹಾರಿ ಗರಸಿನ ಮೇಲೆ ಬಿದ್ದ. ಹೊರಡುವ ಮುನ್ನ ಒಂದು ನಿಮಿಷ ಬ್ರೇಕನ್ನು ಪರೀಕ್ಷಿಸಿದ್ದರೆ ಸಾಕಿತ್ತು. ಆಸ್ಪತ್ರೆಯ ಮುಂದೆ ಅವನ ತಾಯಿ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು.

ಅಂದಿನಿಂದ ಬ್ರೇಕಿನ ಪಾಠವೇ ಮೊದಲ ಪಾಠ. ಯಾವ ಕೈ ಯಾವ ಚಕ್ರಕ್ಕೆ ಎಂಬುದನ್ನು ಪ್ರತಿಯೊಬ್ಬರೂ ಗಟ್ಟಿಯಾಗಿ ಹೇಳಿ, ಸೈಕಲ್ ತಳ್ಳಿಕೊಂಡೇ ಒತ್ತಿ ತೋರಿಸಬೇಕು. ವೇಗವನ್ನು ತಡೆಯುವ ಬಲ ಬಹುಪಾಲು ಇರುವುದು ಮುಂದಿನ ಬ್ರೇಕಿನಲ್ಲೇ. ಆದುದರಿಂದ ಅದಕ್ಕೆ ಹೆದರಿ ಹಿಂದಿನದನ್ನು ಮಾತ್ರ ಹಿಡಿಯುವುದೂ ಸರಿಯಲ್ಲ. ಹಿಂದಿನ ಚಕ್ರ ಕಚ್ಚಿಕೊಂಡು ಜಾರುತ್ತದೆ, ಹಾದಿಯೂ ಕೊರೆದುಹೋಗುತ್ತದೆ. ಡಿಸ್ಕ್ ಬ್ರೇಕಿಗೆ ಒಂದು ಬೆರಳು ಸಾಕು, ಉಳಿದವು ಹ್ಯಾಂಡಲ್ ಹಿಡಿದಿರಲಿ. ತಟ್ಟನೆ ಒತ್ತದೆ ಸ್ವಲ್ಪಸ್ವಲ್ಪವಾಗಿ ಬಿಗಿಗೊಳಿಸಬೇಕು. ತಿರುವಿಗೆ ಮೊದಲೇ, ಚಕ್ರ ನೇರವಾಗಿರುವಾಗಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕನ್ನು ಸಡಿಲಬಿಡಬೇಕು. ಇಷ್ಟನ್ನು ಸಮತಟ್ಟಾದ ಮೈದಾನದಲ್ಲಿ, ನೆಲದ ಮೇಲೆ ತೆಂಗಿನ ಮಟ್ಟೆ ಇಟ್ಟು ಗುರುತು ಮಾಡಿ, ಎರಡು ಮೂರು ವಾರ ಕಲಿಸುತ್ತೇವೆ. ಮಕ್ಕಳಿಗೆ ಬೇಸರವಾಗುತ್ತದೆ. ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ ಕಾಯುವ ಮನೆಯ ಮಕ್ಕಳಿಗೆ ಇಷ್ಟು ತಾಳ್ಮೆಯಾದರೂ ಇರಬೇಡವೇ ಎಂದು ರೇಗಿಸುವುದುಂಟು.

ಎರಡನೆಯದು ನಿಲುವು. ಇಳಿಯುವಾಗ ಸೀಟಿನ ಮೇಲೆ ಕೂರಬಾರದು. ಎರಡು ಪೆಡಲುಗಳನ್ನೂ ಒಂದೇ ಮಟ್ಟದಲ್ಲಿಟ್ಟು, ಮೊಣಕಾಲು ಮೊಣಕೈಗಳನ್ನು ಬಾಗಿಸಿ, ಸೊಂಟವನ್ನು ತುಸು ಹಿಂದಕ್ಕೆ ಒಯ್ದು ನಿಲ್ಲಬೇಕು. ಮೈ ಬಿಗಿಹಿಡಿದವನಿಗೆ ಪ್ರತಿ ಕಲ್ಲೂ ಏಟು ಕೊಡುತ್ತದೆ. ಸಡಿಲವಾಗಿ ನಿಂತವನ ಕೈಕಾಲುಗಳೇ ಸ್ಪ್ರಿಂಗಿನಂತೆ ಕೆಲಸ ಮಾಡುತ್ತವೆ. ತಿರುವಿನಲ್ಲಿ ಹೊರಬದಿಯ ಪೆಡಲನ್ನು ಕೆಳಗೊತ್ತಿ, ಸೈಕಲ್ಲನ್ನು ಒಳಕ್ಕೆ ವಾಲಿಸಬೇಕು. ಏರಿನಲ್ಲಿ ಗೇರನ್ನು ಏರು ಬರುವ ಮೊದಲೇ ಇಳಿಸಬೇಕು. ಅರ್ಧ ಹತ್ತಿದ ಮೇಲೆ ಒತ್ತಿದರೆ ಚೈನು ಕಿರುಗುಟ್ಟಿ ಕಳಚೀತು.

ಇವೆಲ್ಲಕ್ಕಿಂತ ಕಲಿಸಲು ಕಷ್ಟವಾದುದು ಕಣ್ಣು. ಸವಾರನು ಯಾವ ಬಂಡೆಗೆ ಹೆದರಿ ಅದನ್ನೇ ದಿಟ್ಟಿಸುತ್ತಾನೋ ಚಕ್ರವೂ ಅಲ್ಲಿಗೇ ಹೋಗುತ್ತದೆ. ನೋಟವು ಮುಂದಿನ ಚಕ್ರದ ಮೇಲಲ್ಲ, ಹಲವು ಮಾರು ಮುಂದೆ, ಹೋಗಬೇಕಾದ ಸಂದಿನ ಮೇಲೆ ಇರಬೇಕು. ನಾನು ತಿರುವಿನ ಆಚೆ ನಿಂತು ಬೆರಳುಗಳನ್ನು ಎತ್ತಿ ತೋರಿಸುತ್ತೇನೆ. ಎಷ್ಟು ಬೆರಳೆಂದು ಅವರು ಸವಾರಿ ಮಾಡುತ್ತಲೇ ಕೂಗಿ ಹೇಳಬೇಕು. ತಲೆ ತಾನಾಗಿಯೇ ಮೇಲೇಳುತ್ತದೆ.

ನಮ್ಮ ನೆಲಕ್ಕೆ ಅದರದೇ ಅಪಾಯಗಳಿವೆ. ತೋಟದಲ್ಲಿ ಒಣಗಿ ಬಿದ್ದ ಗರಿಯ ಮೇಲೆ ಚಕ್ರ ಜಾರುತ್ತದೆ, ಕಾಯಿ ಕೆಡಹುವ ದಿನ ಮರದಡಿ ಸುಳಿಯಲೇಬಾರದು. ಹನಿ ನೀರಾವರಿಯ ಕೊಳವೆಯ ಮೇಲೆ ಹಾಯ್ದರೆ ರೈತನಿಗೆ ನಷ್ಟ. ಮಾಲೀಕರ ಅನುಮತಿಯಿಲ್ಲದೆ ತೋಟಕ್ಕೆ ಇಳಿಯುವುದಿಲ್ಲವೆಂಬುದು ನಮ್ಮ ಕಟ್ಟುನಿಟ್ಟು. ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಕಬ್ಬಿಣದ ಅದಿರಿನ ಉರುಟು ಕಲ್ಲುಗಳು ಗೋಲಿಗಳಂತೆ ಚಕ್ರದಡಿ ಉರುಳುತ್ತವೆ. 2011ರಲ್ಲಿ ಸುಪ್ರೀಂ ಕೋರ್ಟು ತಡೆಯೊಡ್ಡುವವರೆಗೆ ಆ ಕಡೆಯ ರಸ್ತೆಗಳಲ್ಲಿ ಅದಿರಿನ ಲಾರಿಗಳದೇ ದರ್ಬಾರು. ಹಳೆಯ ಗಣಿ ಹಳ್ಳಗಳ ಬಳಿ ಇಂದಿಗೂ ಮಕ್ಕಳನ್ನು ಬಿಡುವುದಿಲ್ಲ. ಚಿರತೆ, ಕರಡಿಗಳ ಸೀಮೆಯಾದುದರಿಂದ ಹೊತ್ತು ಮುಳುಗುವ ಮುನ್ನ ಊರು ಸೇರಬೇಕು. ಜಾಲಿಮುಳ್ಳಿಗೆ ಪಂಕ್ಚರ್ ತಪ್ಪಿದ್ದಲ್ಲ. ಅದನ್ನು ಹಾಕಲು ಬಾರದವರಿಗೆ ಗುಡ್ಡಕ್ಕೆ ಪ್ರವೇಶವಿಲ್ಲ.

ಪಾಲಕರಿಗೆ ಎರಡು ಮಾತು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ಎರಡೂ ಕಡೆ ದಪ್ಪ ಸ್ಪ್ರಿಂಗು ತೋರಿಸುವ ಸೈಕಲ್ಲುಗಳು ನೋಟಕ್ಕೆ ಚೆಂದ, ಭಾರವೇ ಹೆಚ್ಚು. ಅದೇ ಹಣಕ್ಕೆ ಸ್ಪ್ರಿಂಗಿಲ್ಲದ ಗಟ್ಟಿ ಸೈಕಲ್ಲು ಮೇಲು. ಹೆಲ್ಮೆಟ್ಟಿನಲ್ಲಿ ಮಾತ್ರ ಉಳಿತಾಯ ಬೇಡ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟು ಹೊರಗೆ ಸರಿಯಾಗಿ ಕಂಡರೂ ಒಳಗೆ ಸೀಳಿರಬಹುದು. ಅದನ್ನು ತಮ್ಮನಿಗೋ ತಂಗಿಗೋ ದಾಟಿಸದೆ ಬದಲಿಸಬೇಕು.

“ಹೆಣ್ಮಗು ಬಿದ್ದು ಕೈಕಾಲು ಮುರ್ಕೊಂಡ್ರೆ ಏನ್ ಗತಿ ಸಾರ್?” ಎಂದು ಒಬ್ಬ ತಂದೆ ಕೇಳಿದರು. ಗಂಡುಮಕ್ಕಳ ಕೈಕಾಲಿಗೂ ಅಷ್ಟೇ ಬೆಲೆಯಿದೆಯೆಂದು ಹೇಳಿ, ಒಂದು ಭಾನುವಾರ ಬಂದು ನೋಡಿರೆಂದೆ. ಅಂದು ಅವರ ಮಗಳು ಕಲ್ಲಿನ ಇಳಿಜಾರಿನ ತುದಿಯಲ್ಲಿ ನಿಂತು, ಮೇಲಿಂದ ಕೆಳಗೆ ನಡೆದು ನೋಡಿ, ಇಂದು ಬೇಡವೆಂದು ಸೈಕಲ್ ತಳ್ಳಿಕೊಂಡೇ ಇಳಿದಳು. ಯಾರೂ ನಗಲಿಲ್ಲ. ಹಾದಿಯನ್ನು ನಡೆದು ನೋಡದೆ ಇಳಿಯಬಾರದು, ಬೇಡವೆನಿಸಿದರೆ ಇಳಿದು ತಳ್ಳಬಹುದು ಎಂಬುದು ಎಲ್ಲರಿಗೂ ಇರುವ ನಿಯಮ. ತಂದೆ ಏನನ್ನೂ ಹೇಳಲಿಲ್ಲ. ಮುಂದಿನ ವಾರ ಅವಳಿಗೆ ಹೊಸ ಹೆಲ್ಮೆಟ್ಟು ಬಂದಿತ್ತು.

ಸೈಕಲ್ ಸವಾರರಿಗೆ ಪಾಲಕಿಯಾದ ಮಾತೆಯೂ ಉಂಟು. ಇಟಲಿಯ ಕೋಮೊ ಸರೋವರದ ಬಳಿ ಕಡಿದಾದ ಏರೊಂದರ ನೆತ್ತಿಯಲ್ಲಿರುವ ಗಿಸಾಲ್ಲೋ ಮಾತೆಯನ್ನು 1949ರಲ್ಲಿ ಹನ್ನೆರಡನೆಯ ಪಯಸ್ ಜಗದ್ಗುರುಗಳು ಹಾಗೆಂದು ಘೋಷಿಸಿದರು. ಆ ಪುಟ್ಟ ಗುಡಿಯ ಗೋಡೆಗಳ ತುಂಬ ಹೆಸರಾಂತ ಸವಾರರ ಸೈಕಲ್ಲುಗಳು ತೂಗುತ್ತವೆ. ಮಕ್ಕಳಿಗೆ ಈ ಸಂಗತಿ ಹೇಳಿದಾಗ, ಮೂಳೆ ಮುರಿದುಕೊಂಡಿದ್ದ ಆ ಹುಡುಗ, “ನನ್ನ ಎರವಲು ಸೈಕಲ್ಲನ್ನೂ ಅಲ್ಲೇ ತೂಗುಹಾಕಿ ಬನ್ನಿ ಸಾರ್” ಎಂದ. ಅವನ ಭುಜ ಕೂಡಿಕೊಂಡಿದೆ. ಈಗ ಹೊರಡುವ ಮುನ್ನ ಎಲ್ಲರ ಬ್ರೇಕನ್ನೂ ಒತ್ತಿ ನೋಡುವವನು ಅವನೇ.