ಕಿಕ್ ಹೊಡೆದರೂ ಏಳದ ಟು-ಸ್ಟ್ರೋಕ್

ಹಟ ಹಿಡಿದ ಡರ್ಟ್ ಬೈಕಿಗೆ ಕಿಕ್ ಮೇಲೆ ಕಿಕ್ ಹೊಡೆದರೆ ಕಾಲು ನೋಯುತ್ತದೆ, ಪ್ಲಗ್ ಒದ್ದೆಯಾಗುತ್ತದೆ. ಎಂಜಿನ್ ಮಾತ್ರ ಏಳುವುದಿಲ್ಲ. ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು: ಕಿಡಿ ಬರುತ್ತಿಲ್ಲ, ಪೆಟ್ರೋಲು-ಗಾಳಿಯ ಹದ ತಪ್ಪಿದೆ, ಇಲ್ಲವೇ ಕಂಪ್ರೆಶನ್ ನಿಲ್ಲುತ್ತಿಲ್ಲ. ಯಾವ ಪೆಟ್ರೋಲ್ ಎಂಜಿನ್ನಿಗಾದರೂ ಈ ಮಾತು ಸಲ್ಲುತ್ತದೆ. ಆದರೆ ಟು-ಸ್ಟ್ರೋಕ್‌ನಲ್ಲಿ ಒತ್ತಡ ಸೋರದೆ ನಿಲ್ಲಬೇಕಾದ ಜಾಗ ಎರಡು. ಪಿಸ್ಟನ್ನಿನ ಮೇಲಿನದನ್ನು ಎಲ್ಲರೂ ನೋಡುತ್ತಾರೆ, ಕೆಳಗಿನದನ್ನು ಮರೆಯುತ್ತಾರೆ.

ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸನ್ನೇ ಪಂಪಾಗಿ ದುಡಿಸುವ ಎಂಜಿನ್ನಿಗೆ 1891ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಜೋಸೆಫ್ ಡೇ. ಪಿಸ್ಟನ್ ಮೇಲೇರುವಾಗ ಕ್ರ್ಯಾಂಕ್‌ಕೇಸು ಕಾರ್ಬೊರೇಟರಿನಿಂದ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಇಳಿಯುವಾಗ ಅದನ್ನು ಒತ್ತಿ ಸಿಲಿಂಡರಿಗೆ ದಬ್ಬುತ್ತದೆ. ಕುಲುಮೆಯ ತಿದಿಯ ಕೆಲಸವೇ ಇದು. ತಿದಿ ತೂತಾದರೆ ಕೆಂಡ ಏಳದು. 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಯಾಗಲಿ, ಆರ್‌ಎಕ್ಸ್ 100 ಆಗಲಿ, ಇಂದಿನ ಟು-ಸ್ಟ್ರೋಕ್ ಮೋಟೊಕ್ರಾಸ್ ಬೈಕಾಗಲಿ, ನಡೆಯುವುದು ಈ ಪಂಪಿನ ಮೇಲೆಯೇ.

ಪರೀಕ್ಷೆ ಪ್ಲಗ್‌ನಿಂದ ಶುರುವಾಗಲಿ. ಅದಕ್ಕೂ ಮುಂಚೆ ಕಿಲ್ ಸ್ವಿಚ್ ನೋಡಿ. ಪ್ಲಗ್ ಬಿಚ್ಚಿ ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ ಹೆಡ್‌ಗೆ ಒತ್ತಿ ಹಿಡಿದು ಕಿಕ್ ಹೊಡೆಯಿರಿ. ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಹಾರುವುದರಿಂದ ಕಿಡಿಯನ್ನು ಅದರ ಹತ್ತಿರ ತರಬೇಡಿ. ಚಟ್ ಎಂದು ನೀಲಿ ಕಿಡಿ ಹಾರಿದರೆ ಸರಿ. ಕೆಂಪಗೆ, ಬಡಕಲಾಗಿ ಬಂದರೆ ಪ್ಲಗ್, ಕ್ಯಾಪ್, ಕಾಯಿಲ್ ಈ ಕ್ರಮದಲ್ಲಿ ನೋಡಿ. ಕೆಸರಿನಲ್ಲಿ ಓಡಿಸಿ ತೊಳೆದ ಗಾಡಿಯಾದರೆ ಕ್ಯಾಪಿನೊಳಗೆ ನೀರು ಕೂತಿರಬಹುದು.

ಕಿಡಿ ಚೆನ್ನಾಗಿದ್ದು ಪ್ಲಗ್ ಒಣಗಿದ್ದರೆ ಪೆಟ್ರೋಲ್ ಸಿಲಿಂಡರ್ ತಲುಪುತ್ತಿಲ್ಲ. ಟ್ಯಾಪ್ ಮತ್ತು ಪೈಪಿನಲ್ಲಿ ತೊಂದರೆ ಇಲ್ಲವಾದರೆ ಅನುಮಾನ ಕಾರ್ಬೊರೇಟರಿನ ಸಣ್ಣ ಪೆಟ್ರೋಲ್ ತೂತಾದ ಪೈಲಟ್ ಜೆಟ್ ಮೇಲೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲಿನ ಹಗುರ ಅಂಶ ಆವಿಯಾಗಿ, ಉಳಿದ ಅಂಟು ಆ ಕೂದಲೆಳೆಯ ತೂತನ್ನು ಮುಚ್ಚುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ನೀರನ್ನೂ ಹೀರುತ್ತದೆ. ಜೆಟ್ಟಿಗೆ ಸೂಜಿ ಚುಚ್ಚಬೇಡಿ, ತೂತು ದೊಡ್ಡದಾಗುತ್ತದೆ. ಕಾರ್ಬೊರೇಟರ್ ಕ್ಲೀನರ್ ಹೊಡೆದು ಗಾಳಿ ಬಿಡಿಸಿ. ಇಂಥ ಬೈಕುಗಳ ಚೋಕ್ ಸಾಮಾನ್ಯವಾಗಿ ಪೆಟ್ರೋಲಿನ ಇನ್ನೊಂದು ದಾರಿ ತೆರೆಯುವ ಕವಾಟ. ಆಕ್ಸಲರೇಟರ್ ಪೂರ್ತಿ ಮುಚ್ಚಿದ್ದಾಗ ಹುಟ್ಟುವ ಎಳೆತದಿಂದಲೇ ಅದು ಕೆಲಸ ಮಾಡುವುದು. ಚೋಕ್ ಹಾಕಿ ಆಕ್ಸಲರೇಟರನ್ನೂ ತಿರುಗಿಸಿದರೆ ಹಾಕಿದ ಚೋಕ್ ದಂಡ.

ಪ್ಲಗ್ ತೊಟ್ಟಿಕ್ಕುವಷ್ಟು ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಗಾಡಿ ಬಿದ್ದೆದ್ದಾಗ ಹೀಗಾಗುವುದು ಸಾಮಾನ್ಯ. ಟ್ಯಾಪ್ ಮುಚ್ಚಿ, ಚೋಕ್ ತೆಗೆದು, ಆಕ್ಸಲರೇಟರ್ ಪೂರ್ತಿ ತಿರುಗಿಸಿ ಹಲವು ಕಿಕ್ ಹೊಡೆದರೆ ಒಳಗಿನದು ಒಣಗುತ್ತದೆ. ಮತ್ತೆ ಮತ್ತೆ ಹೀಗಾದರೆ ಕಾರ್ಬೊರೇಟರಿಗೆ ಬರುವ ಪೆಟ್ರೋಲನ್ನು ತಡೆಯುವ ಫ್ಲೋಟ್ ನೀಡಲ್ ನೋಡಿ, ಧೂಳು-ಎಣ್ಣೆ ಕಟ್ಟಿದ ಏರ್ ಫಿಲ್ಟರ್ ತೊಳೆಯಿರಿ.

ಕಿಡಿಯೂ ಇದೆ, ಪೆಟ್ರೋಲೂ ಬರುತ್ತಿದೆ ಎಂದಾದರೆ ಕಂಪ್ರೆಶನ್ ಸರದಿ. ಪ್ಲಗ್ ಹಾಕಿದ್ದರೂ ಕಿಕ್ ಲಿವರ್ ತಡೆಯಿಲ್ಲದೆ ಇಳಿದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಗೇಜ್ ಹಾಕಿ ನೋಡಿದರೆ ಕಂಪ್ರೆಶನ್ ಇಳಿದಿದೆಯೇ ಎಂಬುದು ಖಚಿತವಾಗುತ್ತದೆ.

ಇಷ್ಟೂ ಸರಿಯಿದ್ದರೆ ಉಳಿದದ್ದು ಕೆಳಗಿನ ಪಂಪು. ಒಳಬಂದ ಮಿಶ್ರಣ ಹಿಂದಿರುಗದಂತೆ ತಡೆಯುವ ರೀಡ್ ವಾಲ್ವ್ ಇರುವ ಎಂಜಿನ್ನಿನಲ್ಲಿ ಅದರ ಎಸಳುಗಳನ್ನು ಬೆಳಕಿಗೆ ಹಿಡಿಯಿರಿ. ಅಂಚು ಮುರಿದಿದ್ದರೆ, ಸಂದು ಕಂಡರೆ ಬದಲಿಸಿ. ಇನ್ನು ಕ್ರ್ಯಾಂಕಿನ ಎರಡು ತುದಿಯ ಆಯಿಲ್ ಸೀಲ್‌ಗಳು. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಒಳಕ್ಕೆ ಎಳೆಯಲ್ಪಟ್ಟು ದಟ್ಟ ಬಿಳಿ ಹೊಗೆ ಬರುತ್ತದೆ, ಗೇರ್‌ಬಾಕ್ಸಿನಲ್ಲಿ ಆಯಿಲ್ ಇಳಿಯುತ್ತದೆ. ಮ್ಯಾಗ್ನೆಟ್ ಕಡೆಯದು ಹೋದರೆ ಅಂಥ ಹೊಗೆಯ ಸುಳಿವೂ ಇರದು. ಹೊರಗಾಳಿ ಸೇರಿ ಮಿಶ್ರಣ ತೆಳುವಾಗುತ್ತದೆ. ಸ್ಟಾರ್ಟ್ ಆಗಲು ಸತಾಯಿಸಿದ ಎಂಜಿನ್, ಆದಮೇಲೆ ಆಕ್ಸಲರೇಟರ್ ಬಿಟ್ಟರೂ ರೇಸ್ ಇಳಿಸುವುದಿಲ್ಲ. ಖಚಿತಪಡಿಸಿಕೊಳ್ಳಲು ವರ್ಕ್‌ಶಾಪಿನಲ್ಲಿ ಎಂಜಿನ್ನಿನ ಒಳದಾರಿ, ಹೊರದಾರಿ ಎರಡನ್ನೂ ಮುಚ್ಚಿ ಸುಮಾರು 6 ಪಿಎಸ್‌ಐ ಗಾಳಿ ತುಂಬುತ್ತಾರೆ. ಕೆಲವು ನಿಮಿಷ ಗೇಜಿನ ಮುಳ್ಳು ನಿಲ್ಲಬೇಕು. ಇಳಿದರೆ ಸೋಪಿನ ನೀರು ಹಚ್ಚಿದಲ್ಲಿ ಗುಳ್ಳೆ ಏಳುತ್ತದೆ.

ಈ ಸೋರಿಕೆಯನ್ನು ಕಾರ್ಬೊರೇಟರ್ ಸ್ಕ್ರೂ ತಿರುಗಿಸಿ ಮುಚ್ಚಿಹಾಕುವವರಿದ್ದಾರೆ. ಅದು ಅಪಾಯ. ಪೆಟ್ರೋಲಿಗೇ ಆಯಿಲ್ ಬೆರೆಸುವ ಎಂಜಿನ್ನಿನಲ್ಲಿ ಮಿಶ್ರಣ ತೆಳುವಾದರೆ ಉಷ್ಣತೆ ಏರುವುದಷ್ಟೇ ಅಲ್ಲ, ಬೇರಿಂಗಿಗೂ ಪಿಸ್ಟನ್ನಿಗೂ ಸಿಗುವ ಆಯಿಲೂ ಕಡಿಮೆಯಾಗುತ್ತದೆ. ಇಂದು ಸ್ಟಾರ್ಟ್ ಆಗಲು ಸತಾಯಿಸಿದ ಗಾಡಿ ಮುಂದೊಂದು ದಿನ ಓಟದ ಮಧ್ಯೆ ಸೀಜ್ ಆಗುವುದು ಹೀಗೆಯೇ. ಬೋರ್-ಪಿಸ್ಟನ್ ಖರ್ಚಿನ ಮುಂದೆ ಸೀಲಿನ ಬೆಲೆ ಏನೂ ಅಲ್ಲ. ಮೊದಲು ಸೀಲ್ ಹಾಕಿಸಿ, ಟ್ಯೂನಿಂಗ್ ಆಮೇಲೆ.