ಗೋಡೆಯಾಚೆಗೂ ಒಂದು ಮನೆ ಇದೆ

2024ರ ಅಕ್ಟೋಬರ್‌ನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯಲ್ಲಿ ಎಸ್‌ಬಿಐ ಶಾಖೆಗೆ ಕನ್ನ ಬಿತ್ತು. ಹದಿನೇಳು ಕೆಜಿಗೂ ಹೆಚ್ಚು ಚಿನ್ನ ಹೋಯಿತು. ಅದರಲ್ಲಿ ಬಹುಪಾಲನ್ನು ಪೊಲೀಸರು ತಿಂಗಳುಗಳ ನಂತರ ತಮಿಳುನಾಡಿನ ಒಂದು ಬಾವಿಯಿಂದ ಮೇಲೆತ್ತಿದರು. 2025ರ ಜನವರಿಯಲ್ಲಿ ಬೀದರ್‌ನಲ್ಲಿ ಹಾಡಹಗಲೇ ಎಟಿಎಂಗೆ ಹಣ ತುಂಬುವವರ ಮೇಲೆ ಗುಂಡು ಹಾರಿತು. ಮರುದಿನವೇ ಮಂಗಳೂರು ಪಕ್ಕದ ಕೋಟೆಕಾರಿನಲ್ಲಿ ಬ್ಯಾಂಕ್ ದರೋಡೆ. ಅಲ್ಲಿಂದಾಚೆಗೆ ನಮ್ಮ ಫೋನ್‌-ಇನ್‌ನಲ್ಲಿ ಒಂದು ಪ್ರಶ್ನೆ ಪದೇ ಪದೇ ಬರುತ್ತಿದೆ. "ಸಾರ್, ಮನೇಲಿ ಒಂದು ಪಿಸ್ತೂಲ್ ಇಟ್ಕೊಂಡ್ರೆ ಹೆಂಗೆ?"

ಒಬ್ಬರು ಮಾತ್ರ ಬೇರೆ ಪ್ರಶ್ನೆ ಕೇಳಿದರು. ಊರು ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿ, ಈಗ ಇರೋದು ದಾವಣಗೆರೆಯಲ್ಲಿ, ಅಪಾರ್ಟ್‌ಮೆಂಟಿನ ಮೂರನೇ ಮಹಡಿ. ಆತ್ಮರಕ್ಷಣೆಗೆ ಅಂತ ರಿವಾಲ್ವರ್ ಲೈಸೆನ್ಸ್ ಸಿಕ್ಕಿದೆಯಂತೆ. "ಫ್ಲಾಟ್‌ನಾಗೆ ಎಂಥಾ ಗುಂಡು ಹಾಕ್ಬೇಕ್ರಿ ಸರ? ಪಕ್ಕದ ಮನ್ಯಾಗ ಸಣ್ಣ ಹುಡುಗ್ರು ಅದಾವೆ." ಎಷ್ಟು ಪವರ್ ಇದೆ ಅಂತ ಕೇಳುವವರ ನಡುವೆ, ಗುಂಡು ಎಲ್ಲಿ ನಿಲ್ಲುತ್ತೆ ಅಂತ ಕೇಳಿದ ಮನುಷ್ಯ. ಉತ್ತರ ವಿವರವಾಗಿಯೇ ಹೇಳಬೇಕು.

ಮೊದಲು ಯೂಟ್ಯೂಬ್ ಪಂಡಿತರ ಮಾತು. ಅಲ್ಲಿ ಎಲ್ಲರೂ ಹೇಳೋದು ಒಂದೇ, ಹಾಲೋ ಪಾಯಿಂಟ್ ಹಾಕಿ. ಈ ಗುಂಡಿನ ಮೂತಿಯಲ್ಲಿ ಒಂದು ಗುಳಿ ಇರುತ್ತದೆ. ದೇಹಕ್ಕೆ ಹೊಕ್ಕಾಗ ಅದು ಹೂವಿನಂತೆ ಅರಳಿಕೊಳ್ಳುತ್ತದೆ, ವೇಗ ಕಳೆದುಕೊಳ್ಳುತ್ತದೆ, ಬೆನ್ನಿನಿಂದ ಆಚೆ ಬರುವ ಸಾಧ್ಯತೆ ಕಡಿಮೆ. ಇದರ ಪೂರ್ವಜ ಹುಟ್ಟಿದ್ದು ನಮ್ಮ ದೇಶದಲ್ಲೇ, ಕಲ್ಕತ್ತದ ಹತ್ತಿರದ ಡಮ್‌ಡಮ್ ಕಾರ್ಖಾನೆಯಲ್ಲಿ, 1890ರ ದಶಕದಲ್ಲಿ. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಇಂಥ ಗುಂಡು ಬೇಡ ಅಂದಿತು. ಆದರೆ ಅಮೆರಿಕದ ಪೊಲೀಸರು ಬಳಸೋದು ಇದನ್ನೇ. ಕಾರಣ ಕ್ರೌರ್ಯವಲ್ಲ, ಹಿಂದೆ ನಿಂತ ಅಮಾಯಕನಿಗೆ ತಗುಲಬಾರದು ಅಂತ. 1986ರಲ್ಲಿ ಮಯಾಮಿಯಲ್ಲಿ ತನ್ನ ಏಜೆಂಟರು ಸತ್ತ ಮೇಲೆ ಎಫ್‌ಬಿಐ ಗುಂಡುಗಳನ್ನು ಜೆಲ್ ಗಟ್ಟಿಗೆ ಹೊಡೆದು ನೋಡಿತು. 12 ಇಂಚಿಗಿಂತ ಕಡಿಮೆ ಇಳಿಯಬಾರದು, 18 ಇಂಚು ದಾಟಬಾರದು ಅಂತ ಅಳತೆ ಇಟ್ಟಿತು.

ಆದರೆ ಸ್ವಾಮಿ, ಅವರ ಮನೆ ಬೇರೆ, ನಮ್ಮ ಮನೆ ಬೇರೆ. ಅಲ್ಲಿ ಒಳಗೋಡೆ ಅಂದ್ರೆ ಎರಡು ಜಿಪ್ಸಂ ಹಲಗೆ, ಮಧ್ಯೆ ಗಾಳಿ. ಹಾಲೋ ಪಾಯಿಂಟಿನ ಗುಳಿಯೊಳಗೆ ಜಿಪ್ಸಂ ಪುಡಿ ತುಂಬಿಕೊಂಡರೆ ಅದು ಅರಳುವುದೇ ಇಲ್ಲ. ಮಾಮೂಲಿ ಗುಂಡಿನಂತೆ ಗೋಡೆ ಮೇಲೆ ಗೋಡೆ ದಾಟುತ್ತದೆ. ಅಂದರೆ ಆ 'ಸುರಕ್ಷಿತ' ಗುಂಡೂ ಗುರಿ ತಪ್ಪಿದರೆ ಸುರಕ್ಷಿತವಲ್ಲ.

ಇನ್ನು ನಮ್ಮಲ್ಲಿ ಏನು ಸಿಗುತ್ತದೆ? ಸಿನಿಮಾದ 9 ಎಂಎಂ ಮರೆತುಬಿಡಿ, ಅದು ನಿಷೇಧಿತ ಬೋರ್. ಸಾಮಾನ್ಯ ನಾಗರಿಕನಿಗೆ ಡಿ.ಸಿ. ಕೊಡುವ ಕೈಬಂದೂಕಿನ ಲೈಸೆನ್ಸ್ ಅಂದರೆ ಹೆಚ್ಚಾಗಿ ಪಾಯಿಂಟ್ ಥ್ರೀ ಟೂ. ಕಾನ್ಪುರದ ರಿವಾಲ್ವರ್, ಇಲ್ಲವೇ ಇಷಾಪುರದ ಅಶನಿ ಪಿಸ್ತೂಲು. 2014ರಲ್ಲಿ ಹೆಣ್ಣುಮಕ್ಕಳಿಗೆ ಅಂತ ಬಂದ 'ನಿರ್ಭೀಕ್' ಕೂಡ ಇದೇ ಬೋರಿನದು, ಬೆಲೆ ಲಕ್ಷ ದಾಟಿತ್ತು. (ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ ಅಂತ ಕೇಳುವವರಿದ್ದಾರೆ. ಆ ವಿನಾಯಿತಿ ಕೋವಿಗೆ, ಪಿಸ್ತೂಲಿಗಲ್ಲ.) ತೋಟಾ ಪುಣೆ ಹತ್ತಿರದ ಖಡ್ಕಿಯ ಸರ್ಕಾರಿ ಕಾರ್ಖಾನೆಯದು, ಹಿತ್ತಾಳೆಯ ಬುಡದಲ್ಲಿ ಕೆ.ಎಫ್. ಅಂತ ಅಚ್ಚು. ಗನ್ ಹೌಸಿನ ಕಪಾಟಿನಲ್ಲಿ ಇರೋದು ಸಾಮಾನ್ಯವಾಗಿ ಇದೇ. ಅಮೆರಿಕದ ಅಂಗಡಿಯಂತೆ ಇಪ್ಪತ್ತು ಬಗೆ ಹರಡಿಕೊಂಡು ಆರಿಸೋ ಕಾಲ ಇಲ್ಲಿಲ್ಲ.

ಒಂದು ಎಚ್ಚರ. ಹೆಸರು ಒಂದೇ ಆದರೂ ತೋಟಾ ಎರಡು ಬಗೆ. ರಿವಾಲ್ವರಿನದು ಉದ್ದ, ಸೀಸದ ಗುಂಡುಮೂತಿಯದು, ಸುಮಾರು ಆರು ಗ್ರಾಂ ತೂಕ, ವೇಗ ಸೆಕೆಂಡಿಗೆ 200 ಮೀಟರಿಗಿಂತ ಸ್ವಲ್ಪ ಹೆಚ್ಚು. ಪಿಸ್ತೂಲಿನದು ಗಿಡ್ಡ, ತಾಮ್ರದ ಕವಚದ್ದು, ಹಗುರ, ಆದರೆ ವೇಗ ಹೆಚ್ಚು. ಒಂದಕ್ಕೆ ಇನ್ನೊಂದು ಹಾಕುವಂತಿಲ್ಲ. ಇಂಟರ್‌ನೆಟ್‌ನವರು ರಿವಾಲ್ವರಿನ ಈ ಗುಂಡನ್ನು 'ದುರ್ಬಲ' ಅಂತ ನಗುತ್ತಾರೆ. ಫ್ಲಾಟಿನೊಳಗೆ ಆ ದೌರ್ಬಲ್ಯವೇ ಅದರ ಗುಣ. ಗೋಡೆಯ ವಿಷಯದಲ್ಲಿ 9 ಎಂಎಂಗಿಂತ ಇದು ಎಷ್ಟೋ ವಾಸಿ.

ವಾಸಿ ಅಂದೆ, ನಿರಪಾಯ ಅನ್ನಲಿಲ್ಲ. ನಿಮ್ಮ ಮನೆಯನ್ನೇ ಒಮ್ಮೆ ನೋಡಿ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಈ ಗುಂಡನ್ನು ನಿಲ್ಲಿಸುತ್ತದೆ. ಗಾರೆ ಮೆತ್ತಿದ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಯ ಮೇಲೂ ಒಂದಿಷ್ಟು ಭರವಸೆ ಇಡಬಹುದು. ಒಳಗೆ ಟೊಳ್ಳಿರುವ ಸಿಮೆಂಟ್ ಬ್ಲಾಕ್, ಹಗುರ ಬ್ಲಾಕ್ ಆದರೆ ನಾನಂತೂ ನಂಬುವುದಿಲ್ಲ. ಆದರೆ ಕಳ್ಳ ಗೋಡೆ ಒಡೆದು ಬರ್ತಾನಾ? ಬಾಗಿಲಲ್ಲಿ ಬರ್ತಾನೆ. ಅಪಾರ್ಟ್‌ಮೆಂಟಿನಲ್ಲಿ ನಿಮ್ಮ ಬಾಗಿಲಿನ ಎದುರಿಗೆ ಏನಿದೆ? ಐದಾರು ಅಡಿ ಕಾರಿಡಾರು, ಅದರಾಚೆ ಎದುರು ಮನೆಯ ಬಾಗಿಲು. ಎರಡೂ ಫ್ಲಶ್ ಡೋರ್. ನೀವು ಹಾಲ್‌ನಲ್ಲಿ ನಿಂತು ಬಾಗಿಲ ಕಡೆ ಹೊಡೆದ ಗುಂಡು ತಪ್ಪಿತು ಅಂದರೆ ಅದರ ದಾರಿ ನೇರವಾಗಿ ಎದುರು ಮನೆಯ ಹಾಲ್‌ಗೆ. ಗದ್ದಲ ಕೇಳಿ ಬಾಗಿಲ ಹಿಂದೆ ಯಾರು ಬಂದು ನಿಂತಿರುತ್ತಾರೆ? ಎದುರು ಮನೆಯವರೇ. ಬಾಲ್ಕನಿಯ ಗಾಜಿನ ಕಥೆ ಕೇಳಲೇಬೇಡಿ. ಕೆಳಕ್ಕೆ ಹೊಡೆದರೆ ಗ್ರಾನೈಟ್ ನೆಲ, ಗುಂಡು ಚಿಮ್ಮಿ ಎತ್ತ ಹೋಗುತ್ತದೋ ಹೇಳಲಾಗದು.

"ಹಂಗಾರೆ ಅಪ್ಪನ ಕಾಲದ ಜೋಡಿ ನಳಿಗೆ ಬಂದೂಕು ಐತಲ್ರಿ, ಅದನ್ನ ತರ್ಲಾ?" ಇದೂ ಅವರದೇ ಪ್ರಶ್ನೆ. ಊರಿನ ಗದ್ದೆಯಲ್ಲಿ ಹಂದಿ ಬೆದರಿಸಲು ಹೊಡೆದರೆ ಮುಂದೆ ಇರೋದು ಬಯಲು. ಫ್ಲಾಟ್‌ನಲ್ಲಿ ಬಯಲು ಎಲ್ಲಿದೆ? ಎಲ್‌ಜಿ ತೋಟಾದ ಒಂದೊಂದು ಚರೆಯೂ ಒಂದೊಂದು ಗುಂಡೇ, ಬಾಗಿಲು ದಾಟಲು ಅದಕ್ಕೇನೂ ಕಷ್ಟವಿಲ್ಲ. ಸಣ್ಣ ಚರೆ ಗೋಡೆಯಲ್ಲಿ ಬೇಗ ಸೋಲುತ್ತದೆ ಅನ್ನೋದು ನಿಜ. ಆದರೆ ಚರೆ ಹರಡಿಕೊಳ್ಳುತ್ತೆ, ಗುರಿ ಬೇಕಿಲ್ಲ ಅಂತ ನಂಬಿದ್ದರೆ ಬಿಡಿ. ಹತ್ತಡಿ ಕೋಣೆಯಲ್ಲಿ ಅದು ಅಂಗೈ ಅಗಲವೂ ಹರಡುವುದಿಲ್ಲ. ಅದಕ್ಕೂ ಮೊದಲು ಆ ಬಂದೂಕಿನ ಲೈಸೆನ್ಸ್ ಯಾರ ಹೆಸರಲ್ಲಿದೆ ನೋಡಿ. ಲೈಸೆನ್ಸ್‌ದಾರ ತೀರಿಕೊಂಡರೆ ಬಂದೂಕನ್ನು ಠಾಣೆಗೋ ಅಧಿಕೃತ ಡೀಲರಿಗೋ ಒಪ್ಪಿಸಿ, ವಾರಸುದಾರ ತನ್ನ ಹೆಸರಿಗೆ ಅರ್ಜಿ ಹಾಕಬೇಕು. ಅಟ್ಟದ ಮೇಲೆ ಸುಮ್ಮನೆ ಇಟ್ಟುಕೊಂಡರೆ ಅಪರಾಧ.

ಕಾನೂನು ಏನು ಹೇಳುತ್ತದೆ? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಆತ್ಮರಕ್ಷಣೆಯವು. ಸೂರ್ಯ ಮುಳುಗಿದ ಮೇಲೆ ಮನೆ ಒಡೆದು ನುಗ್ಗಿದವನ ವಿರುದ್ಧ ಪ್ರಾಣ ತೆಗೆಯುವಷ್ಟು ದೂರಕ್ಕೂ ಈ ಹಕ್ಕು ಹೋಗುತ್ತದೆ ಎನ್ನುತ್ತದೆ 41ನೇ ಕಲಂ. ಆದರೆ 37ನೇ ಕಲಂ ಲಗಾಮು ಹಾಕುತ್ತದೆ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕೇ ಇಲ್ಲ. ಓಡಿಹೋಗುತ್ತಿರುವವನ ಬೆನ್ನಿಗೆ ಹೊಡೆದು ಆತ್ಮರಕ್ಷಣೆ ಅಂದರೆ ಕೋರ್ಟ್ ಒಪ್ಪುವುದು ಕಷ್ಟ.

44ನೇ ಕಲಂ ನಮ್ಮ ಪ್ರಶ್ನೆಗೇ ಬರೆದಂತಿದೆ. ಹಳೆಯ ಐಪಿಸಿಯ 106ನೇ ಕಲಂ ಅದು. ಸಾವೇ ಎದುರಾಗಿದೆ, ಅಮಾಯಕರಿಗೆ ತಗುಲುವ ಅಪಾಯವಿಲ್ಲದೆ ರಕ್ಷಿಸಿಕೊಳ್ಳಲು ಬೇರೆ ದಾರಿಯೇ ಇಲ್ಲ ಅಂದಾಗ ಮಾತ್ರ ಕಾನೂನು ಆ ಅಪಾಯವನ್ನು ಮನ್ನಿಸುತ್ತದೆ. ಟಿವಿ ಎತ್ತಿಕೊಂಡು ಹೋಗಲು ಬಂದವನಿಗೆ ಹೊಡೆದ ಗುಂಡು ಪಕ್ಕದ ಮಗುವಿಗೆ ತಗುಲಿದರೆ ಈ ಕಲಂ ನಿಮ್ಮ ನೆರವಿಗೆ ಬರದು. 2019ರಲ್ಲಿ ತಿದ್ದುಪಡಿಯಾದ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೇಜವಾಬ್ದಾರಿಯಿಂದ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೂ ಸಾಕು, ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಹಾಗಾಗಿ ನನ್ನ ಉತ್ತರದಲ್ಲಿ ಗುಂಡಿನ ಪಾಲು ಸಣ್ಣದು. ನಿಮ್ಮ ರಿವಾಲ್ವರಿಗೆ ಹೊಂದುವ, ಡೀಲರ್ ಬಿಲ್ ಕೊಟ್ಟು ಮಾರುವ ಹೊಸ ಕಾರ್ಖಾನೆ ತೋಟಾ. ಮುಗಿಯಿತು. ಯಾರೋ ಮರುತುಂಬಿ ಕೊಟ್ಟಿದ್ದು ಬೇಡ. ಜಾಗ ಇನ್ನೂ ಮುಖ್ಯ. ಹಾಲ್‌ಗೆ ಬಂದು ಬಾಗಿಲ ಕಡೆ ಗುರಿ ಇಡಬೇಡಿ. ಮನೆಯವರನ್ನೆಲ್ಲ ಒಂದು ಕೋಣೆಗೆ ಸೇರಿಸಿ, ಚಿಲಕ ಹಾಕಿ, 112ಕ್ಕೆ ಫೋನ್ ಮಾಡಿ. ಆ ಕೋಣೆಯ ಬಾಗಿಲಿನ ನೇರಕ್ಕೆ ಪಕ್ಕದ ಮನೆ ಬರದಂತೆ, ಗಟ್ಟಿ ಹೊರಗೋಡೆ ಬರುವಂತೆ ನಿಲ್ಲುವ ಮೂಲೆ ಯಾವುದು ಅಂತ ಹಗಲಲ್ಲೇ ನೋಡಿಡಿ. ಕಬ್ಬಿಣದ ಗ್ರಿಲ್ ಬಾಗಿಲಿಗೆ ಹಾಕುವ ಹಣ ತೋಟಾಕ್ಕೆ ಹಾಕುವ ಹಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಅನ್ನೋದು ನನ್ನ ಖಚಿತ ಅಭಿಪ್ರಾಯ. ಚುನಾವಣೆ ಬಂದಾಗ ಲೈಸೆನ್ಸ್ ಬಂದೂಕುಗಳು ಠಾಣೆಗೆ ಹೋಗುತ್ತವೆ, ಕಳ್ಳರಿಗೆ ನೀತಿಸಂಹಿತೆ ಇಲ್ಲ. ಆಗಲೂ ಗ್ರಿಲ್ ಮನೆಯಲ್ಲೇ ಇರುತ್ತದೆ.

ಬಂದೂಕು ಬೀಗದೊಳಗೆ, ತೋಟಾ ಬೇರೆ ಬೀಗದೊಳಗೆ. "ಹಂಗಿಟ್ರೆ ಹೊತ್ತಿಗೆ ಹೆಂಗೆ ಸಿಗ್ತತಿ?" ಅಂತೀರಿ. ತಡವಾಗುತ್ತೆ, ನಿಜ. ಆದರೆ ಕಳ್ಳ ಬರೋದು ಎಂದೋ ಒಂದು ರಾತ್ರಿ. ಮಕ್ಕಳು, ಸಿಟ್ಟು, ಕುಡಿತ, ಬೇಸರ ಮನೆಯಲ್ಲೇ ದಿನಾ ಇರುತ್ತವೆ. ಲೈಸೆನ್ಸಿಗೆ ತರಬೇತಿ ಪ್ರಮಾಣಪತ್ರ ಬೇಕು ಅನ್ನುತ್ತವೆ 2016ರ ನಿಯಮಗಳು. ಅದನ್ನು ಕಾಗದಕ್ಕೆ ಅಂತ ಮಾಡಿಸದೆ, ನಿಜವಾಗಿ ರೇಂಜ್‌ಗೆ ಹೋಗಿ ಹೊಡೆದು ಕಲಿಯಿರಿ. ಅಲ್ಲಿ ಕುದುರೆ ಎಳೆದಾಗ ಗುಂಡು ಹಾರದಿದ್ದರೆ ನಳಿಗೆ ಸುರಕ್ಷಿತ ದಿಕ್ಕಿಗೇ ಇಟ್ಟು ಅರ್ಧ ನಿಮಿಷ ಕಾಯಿರಿ. 'ಟುಸ್' ಅಂತ ಸಣ್ಣ ಸದ್ದು ಬಂದರೆ ಎರಡನೇ ಗುಂಡು ಹೊಡೆಯಲೇಬೇಡಿ. ಮೊದಲನೆಯದು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು, ನಳಿಗೆ ಸಿಡಿಯುತ್ತದೆ.

ಇನ್ನು ಅಪ್ಪನ ಟ್ರಂಕಿನಲ್ಲಿ ಹಸಿರುಗಟ್ಟಿದ ಹಳೇ ತೋಟಾ ಇದ್ದರೆ ಕಸದ ಗಾಡಿಗೆ ಹಾಕಬೇಡಿ, ಒಲೆಗೂ ಬೇಡ. ಠಾಣೆಗೋ ಡೀಲರಿಗೋ ಎಣಿಸಿ ಕೊಟ್ಟು, ರಸೀದಿ ತಗೊಳ್ಳಿ.