ಅಂಕಗಳು, ಪ್ರವೇಶ ಮತ್ತು ಪಶುವೈದ್ಯ ವಿದ್ಯೆ

ಪ್ರತಿ ವರ್ಷ ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ಮರುದಿನದಿಂದಲೇ ನಮ್ಮಲ್ಲಿಗೆ ಬರುವ ಸದ್ಭಕ್ತರ ಮಾತಿನ ಧಾಟಿ ಬದಲಾಗುತ್ತದೆ. ಮಳೆ-ಬೆಳೆಯ ಕುಶಲೋಪರಿ ಹಿಂದೆ ಸರಿದು ಮಕ್ಕಳ ಅಂಕಗಳ ಲೆಕ್ಕ ಮುಂದಾಗುತ್ತದೆ. ಕೈಚೀಲದಿಂದ ಅಂಕಪಟ್ಟಿಯ ನಕಲು ಹೊರಬರುತ್ತದೆ. ತಂದೆ ಓದುತ್ತಾನೆ, ತಾಯಿ ತಿದ್ದುತ್ತಾಳೆ. ಆ ಅಂಕಗಳನ್ನು ಗಳಿಸಿದ ಮಗು ಮಾತ್ರ ಕಂಬದ ಮರೆಯಲ್ಲಿ ನಿಂತಿರುತ್ತದೆ.

2022ರ ಸೆಪ್ಟೆಂಬರ್‌ನಲ್ಲಿ ಬಂದ ಒಂದು ಕುಟುಂಬದ ವಿಷಯವನ್ನು, ಅವರ ಒಪ್ಪಿಗೆ ಪಡೆದು, ಇಲ್ಲಿ ಬರೆಯುತ್ತಿದ್ದೇವೆ. ಮಗಳು ಪಿಯುಸಿಯಲ್ಲಿ ಉತ್ತಮ ಅಂಕ ಪಡೆದಿದ್ದಳು. ಆದರೆ ನೀಟ್ ಪರೀಕ್ಷೆಯ ಅಂಕ ಸರಕಾರಿ ವೈದ್ಯಕೀಯ ಸೀಟಿಗೆ ಸಾಲುವಂತಿರಲಿಲ್ಲ. ಮೂರು ಎಕರೆ ನೀರಾವರಿ ಹೊಲ ಮಾರಿ ಖಾಸಗಿ ಕಾಲೇಜಿಗೆ ಸೇರಿಸುವುದೆಂದು ತಂದೆ ನಿಶ್ಚಯಿಸಿಕೊಂಡೇ ಬಂದಿದ್ದರು. ನಮ್ಮಿಂದ ಅವರಿಗೆ ಬೇಕಾಗಿದ್ದುದು ಸಲಹೆಯಲ್ಲ, ಸಮ್ಮತಿ. ಪಶುವೈದ್ಯಕೀಯ ಸೀಟು ದೊರೆಯುವ ಸಂಭವವಿದೆಯೆಂದು ತಾಯಿ ಮೆಲ್ಲನೆ ಹೇಳಿದಾಗ ಅವರು, "ಇಷ್ಟು ಅಂಕ ತಗೊಂಡು ದನದ ಡಾಕ್ಟರ್ ಆಗೋದೇನ್ರಿ, ಬುದ್ಧಿ? ಅದೂ ಹೆಣ್ಣುಹುಡುಗಿ" ಎಂದರು.

ಆ ಮಾತು ನಮ್ಮನ್ನು ಐವತ್ತು ವರ್ಷ ಹಿಂದಕ್ಕೆ ಒಯ್ದಿತು. ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲ. ಒಂದು ರಾತ್ರಿ ಗೋಶಾಲೆಯ ಆಕಳು ಈಯಲಾರದೆ ಒದ್ದಾಡುತ್ತಿತ್ತು. ಕರುವಿನ ಮುಂಗಾಲುಗಳು ಕಾಣುತ್ತಿದ್ದವು, ತಲೆ ಕಾಣುತ್ತಿರಲಿಲ್ಲ. ಎಳೆದು ತೆಗೆಯೋಣವೆಂದು ಆಳುಗಳು ಹಗ್ಗ ತಂದಿದ್ದರು. ತಾಲೂಕಿನಿಂದ ಸೈಕಲ್ಲಿನ ಮೇಲೆ ಬಂದ ಪಶುವೈದ್ಯರು ಮೊದಲು ಮಾಡಿದ ಕೆಲಸವೆಂದರೆ ಆ ಹಗ್ಗವನ್ನು ಕಸಿದುಕೊಂಡದ್ದು. ಭುಜದವರೆಗೆ ಕೈಯಿಳಿಸಿ, ಕರುವನ್ನು ಮತ್ತೆ ಒಳಕ್ಕೆ ತಳ್ಳಿ, ಪಕ್ಕೆಗೆ ಹೊರಳಿದ್ದ ಅದರ ತಲೆಯನ್ನು ನೇರ ಮಾಡಿದರು, ಆಮೇಲಷ್ಟೇ ಎಳೆಯಿರೆಂದರು. ಹಾಗೆಯೇ ಎಳೆದಿದ್ದರೆ ಎರಡು ಜೀವವೂ ಹೋಗುತ್ತಿತ್ತೆಂದು ಅವರು ಕೈತೊಳೆಯುತ್ತ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಲಾಟೀನು ಹಿಡಿದು ನಿಂತವರು ನಾವೇ.

ಮಾತನಾಡಲಾರದ ರೋಗಿಯ ಬೇನೆಯನ್ನು ಕೈಯಿಂದ, ಕಣ್ಣಿನಿಂದ ಅರಿಯಬೇಕಾದ ವಿದ್ಯೆಯಿದು. ಮನುಷ್ಯರ ವೈದ್ಯನಿಗೆ ಒಂದೇ ದೇಹ. ಪಶುವೈದ್ಯನಿಗೆ ಆಕಳು, ಕುದುರೆ, ಕುರಿ, ನಾಯಿ, ಕೋಳಿ ಎಲ್ಲವೂ ಬೇರೆ ಬೇರೆ. ಮೆಲುಕು ಹಾಕುವ ಆಕಳಿಗೆ ನಾಲ್ಕು ಕೋಣೆಯ ಜಠರ; ಕುದುರೆಗೆ ಒಂದೇ, ಅದೂ ವಾಂತಿ ಮಾಡಲಾರದ ಪ್ರಾಣಿ. ಸಿಡುಬು ಜಗತ್ತಿನಿಂದ ತೊಲಗಿತೆಂದು 1980ರಲ್ಲಿ ಸಾರಿದ್ದನ್ನು ಎಲ್ಲರೂ ಬಲ್ಲರು. ಹಾಗೆ ಭೂಮಿಯಿಂದಲೇ ತೊಲಗಿದ ಇನ್ನೊಂದು ರೋಗ ದನಗಳ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್. 2011ರಲ್ಲಿ ಅದರ ಘೋಷಣೆಯಾದಾಗ ನಮ್ಮ ಊರುಗಳಲ್ಲಿ ಯಾರೂ ಗಮನಿಸಲಿಲ್ಲ. ಊರಿಗೆ ಊರೇ ಕೊಟ್ಟಿಗೆ ಬರಿದಾದ ಕಥೆಗಳನ್ನು ಹೇಳುತ್ತಿದ್ದ ಅಜ್ಜಂದಿರು ಅಷ್ಟರಲ್ಲಿ ಇಲ್ಲವಾಗಿದ್ದರು.

ಪ್ರವೇಶದ ಕ್ರಮವನ್ನೂ ಪಾಲಕರು ಅರಿತಿರಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ನಮ್ಮ ರಾಜ್ಯದ ಸೀಟುಗಳಿಗೆ ಸಿಇಟಿ ಬರೆಯಬೇಕು. ಪಿಯುಸಿಯ ಅಂಕಗಳೂ ಲೆಕ್ಕಕ್ಕೆ ಬರುತ್ತವೆ. ಶೇಕಡಾ 15ರಷ್ಟು ಸೀಟುಗಳನ್ನು ಭಾರತೀಯ ಪಶುವೈದ್ಯ ಪರಿಷತ್ತು ನೀಟ್ ಆಧಾರದಿಂದ ದೇಶದ ಎಲ್ಲ ವಿದ್ಯಾರ್ಥಿಗಳಿಗೂ ಹಂಚುತ್ತದೆ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಉಂಟು. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೊಂದಿದೆ. ಬೀಜ, ಬೆಳೆ, ಸಲಕರಣೆಗಳನ್ನು ಗುರುತಿಸಬಲ್ಲ ಮಗುವಿಗೆ ಅಲ್ಲಿ ತನ್ನ ಮನೆಯೇ ಪಾಠಶಾಲೆ. ವ್ಯಾಸಂಗದ ಅವಧಿ ಐದೂವರೆ ವರ್ಷ, ಅದರಲ್ಲಿ ಒಂದು ವರ್ಷ ತರಬೇತಿ. ಬೀದರಿನ ವಿಶ್ವವಿದ್ಯಾಲಯದ ಅಧೀನದಲ್ಲಿ ಬೀದರ್, ಹಾಸನ, ಶಿವಮೊಗ್ಗ ಮುಂತಾದೆಡೆ ಕಾಲೇಜುಗಳಿವೆ. ಬೆಂಗಳೂರಿನ ಹೆಬ್ಬಾಳದ್ದು 1958ರಷ್ಟು ಹಳೆಯದು.

ಅಂಕಗಳು ಬೇಡವೆಂದು ನಾವು ಹೇಳುತ್ತಿಲ್ಲ. ಜೀವಶಾಸ್ತ್ರ, ರಸಾಯನಶಾಸ್ತ್ರ ಸಡಿಲವಿದ್ದವನಿಗೆ ಔಷಧಶಾಸ್ತ್ರ ತಲೆಗೆ ಹತ್ತದು. ಆದರೆ ಅಂಕಪಟ್ಟಿಯೊಂದನ್ನೇ ನೋಡಿ ನಾವೂ ಒಮ್ಮೆ ತಪ್ಪಿದ್ದೇವೆ. ಬಹಳ ವರ್ಷಗಳ ಹಿಂದೆ, ಒಬ್ಬ ಹುಡುಗನ ಅಂಕ ಕಂಡು ಮೆಚ್ಚಿ, ಇದೇ ವಿದ್ಯೆಗೆ ಸೇರಿಸಿರೆಂದು ಪಾಲಕರಿಗೆ ಒತ್ತಾಯ ಮಾಡಿದೆವು. ಆತ ರಕ್ತ ಕಂಡರೆ ಬವಳಿ ಬೀಳುವವನೆಂದು ನಮಗೆ ತಿಳಿಯದು, ನಾವು ಕೇಳಲೂ ಇಲ್ಲ. ಎರಡನೆಯ ವರ್ಷದಲ್ಲಿ ಬಿಟ್ಟುಬಂದ. ಅವನ ಎರಡು ವರ್ಷಗಳ ಋಣ ನಮ್ಮ ಮೇಲಿದೆ.

ಆದಕಾರಣ ಈ ಬಾರಿ ತಂದೆಯನ್ನು ಬಿಟ್ಟು ಮಗಳನ್ನು ಕೇಳಿದೆವು. ಆ ದಿನಗಳಲ್ಲಿ ದನಗಳಿಗೆ ಚರ್ಮಗಂಟು ರೋಗ ಹಬ್ಬಿತ್ತು. ಅವರ ಮನೆಯ ಎತ್ತಿಗೂ ಮೈತುಂಬ ಗಂಟು. ಆಕೆ ಪಶುವೈದ್ಯರ ಹಿಂದೆ ಮನೆಮನೆ ತಿರುಗಿ ಲಸಿಕೆ ಹಾಕುವಾಗ ದನ ಹಿಡಿದಿದ್ದಳಂತೆ. ಆಡಿನ ಸಿಡುಬಿನ ಲಸಿಕೆಯನ್ನೇ ಆಕಳಿಗೇಕೆ ಹಾಕುತ್ತಾರೆಂದು ನಮಗೇ ವಿವರಿಸಿದಳು: ಎರಡು ರೋಗಾಣುಗಳೂ ಒಂದೇ ಕುಲದವು. ಮಾತು ಮುಗಿಸಿ ಮತ್ತೆ ಕಂಬದ ಮರೆಗೆ ಹೋಗಲಿಲ್ಲ.

ನಾವು ತಂದೆಗೆ ಹೇಳಿದ್ದಿಷ್ಟೇ: ನೀವು ಮಾರಹೊರಟ ಆ ಹೊಲದ ಪಹಣಿಯಿಂದಲೇ ನಿಮ್ಮ ಮಗಳು ಕೃಷಿಕರ ಕೋಟಾದಲ್ಲಿ ಪರೀಕ್ಷೆ ಬರೆದಿದ್ದಾಳೆ. ಅವರು ಕೂಡಲೇ ಒಪ್ಪಲಿಲ್ಲ. ಎರಡು ಸಲ ಬಂದುಹೋದರು. ಒಂದು ಸಲ ಮುನಿಸಿಕೊಂಡು ಪ್ರಸಾದಕ್ಕೂ ನಿಲ್ಲದೆ ಎದ್ದರು. ಅವರ ಆತಂಕದಲ್ಲಿ ಹುರುಳಿಲ್ಲದಿರಲಿಲ್ಲ. ಈ ಕಾಯಕದಲ್ಲಿ ಅಪರಾತ್ರಿ ಕರೆ ಬರುತ್ತದೆ, ಎಮ್ಮೆ ಒದೆಯುತ್ತದೆ, ಹುಚ್ಚುನಾಯಿಯ ಭಯವಿದೆ. ದನಗಳ ಕಂದುರೋಗ ವೈದ್ಯರಿಗೇ ಅಂಟುವುದುಂಟು. ಇವನ್ನು ಮುಚ್ಚಿಟ್ಟು ಒಪ್ಪಿಸುವುದು ನಮಗೆ ಸರಿಕಾಣಲಿಲ್ಲ.

ಕೊನೆಗೆ ಆಕೆ ಸೇರಿದಳು. ಕಳೆದ ಜಾತ್ರೆಗೆ ಬಂದವಳು ದರ್ಶನಕ್ಕೆ ಮೊದಲೇ ಗೋಶಾಲೆಗೆ ನಡೆದು, ನಮ್ಮ ಹೋರಿಯ ಗೊರಸು ಬೆಳೆದು ಬಾಗಿದೆ, ಅದಕ್ಕೇ ಕುಂಟುತ್ತಿದೆಯೆಂದಳು. ಮರುದಿನ ತನ್ನ ಗುರುಗಳಿಗೆ ದೂರವಾಣಿಯಲ್ಲಿ ಕೇಳಿಕೊಂಡು, ಸ್ಥಳೀಯ ವೈದ್ಯರೆದುರಿಗೆ ತಾನೇ ಗೊರಸು ಕತ್ತರಿಸಿದಳು. ಹಗ್ಗ ಹಿಡಿದು ನಿಂತವರು ಅವಳ ತಂದೆ. ಆ ಮೂರು ಎಕರೆಯಲ್ಲಿ ಈ ವರ್ಷ ಕಬ್ಬು ನಿಂತಿದೆ.